ಆಟದ ಹಿಟ್ಟು ಮತ್ತು ಶ್ರಾವಕನ ಎಚ್ಚರ

ಜೈನ ಗೃಹಸ್ಥನ ಅಹಿಂಸೆ ಅಡುಗೆಮನೆಯಿಂದಲೇ ಆರಂಭವಾಗುತ್ತದೆ. ನೀರನ್ನು ಸೋಸಿ ಬಳಸುವುದು, ಸೂರ್ಯಾಸ್ತಕ್ಕೆ ಮೊದಲೇ ಊಟ ಮುಗಿಸುವುದು, ಹಿಟ್ಟಿನ ಮರ್ಯಾದೆಯನ್ನು ಮಳೆಗಾಲದಲ್ಲಿ 3, ಬೇಸಿಗೆಯಲ್ಲಿ 5, ಚಳಿಗಾಲದಲ್ಲಿ 7 ದಿನಗಳೆಂದು ಪಾಲಿಸುವುದು, ಇವೆಲ್ಲ ಕಣ್ಣಿಗೆ ಕಾಣದ ಜೀವಿಗಳ ಮೇಲಿನ ಕರುಣೆಯಿಂದ ಹುಟ್ಟಿದ ನಿಯಮಗಳು. ಇಷ್ಟು ಎಚ್ಚರದಿಂದ ನಡೆಯುವ ಅಡುಗೆಮನೆಯಲ್ಲಿಯೇ, ಅದೇ ಹಿಟ್ಟಿನಿಂದ ತಯಾರಾದ ವಸ್ತುವೊಂದು ಅಂಗಳದಲ್ಲಿ ಕಣ್ಣೆದುರೇ ಮಲಗಿರುವ ಪಂಚೇಂದ್ರಿಯ ಜೀವಿಯ ಪ್ರಾಣಕ್ಕೆ ಎರವಾಗಬಲ್ಲದು. ಆ ವಸ್ತು ಮಕ್ಕಳು ಗೊಂಬೆ ಮಾಡುವ ಆಟದ ಹಿಟ್ಟು. ಆ ಜೀವಿ ಮನೆಯ ನಾಯಿ.

ಬೆಳಗಾವಿ ಜಿಲ್ಲೆಯ ಮುಗಳಖೋಡ, ರಾಯಬಾಗ, ಅಥಣಿ, ಕಾಗವಾಡಗಳ ಕಡೆ ಮಕ್ಕಳಿಗೆ ಗೊಂಬೆ ಮಾಡುವ ಆಟ ಹೊಸದಲ್ಲ. ಮಣ್ಣೆತ್ತಿನ ಅಮಾವಾಸ್ಯೆ ಬಂದರೆ ಎರೆಮಣ್ಣನ್ನು ಕಲಸಿ ಎತ್ತು, ಗೋದಲಿಗಳನ್ನು ಮಾಡುವುದು ಉತ್ತರ ಕರ್ನಾಟಕದ ಹಳೆಯ ರೂಢಿ. ಮಣ್ಣಿನ ಸ್ಥಾನಕ್ಕೆ ಬಣ್ಣದ ಹಿಟ್ಟು ಬಂದದ್ದು ಈಚಿನ ಮಾತು. ಅಮೆರಿಕದ ಸಿನ್ಸಿನಾಟಿ ನಗರದಲ್ಲಿ ಗೋಡೆಯ ಕಾಗದಕ್ಕೆ ಹತ್ತಿದ ಮಸಿಯನ್ನು ಒರೆಸಲು ತಯಾರಿಸುತ್ತಿದ್ದ ಮುದ್ದೆಯೊಂದು 1956ರಲ್ಲಿ 'ಪ್ಲೇ-ಡೋ' ಎಂಬ ಹೆಸರಿನಿಂದ ಮಕ್ಕಳ ಆಟಿಕೆಯಾಗಿ ಮಾರಾಟಕ್ಕೆ ಬಂದಿತು. ಅದರ ಮುಖ್ಯ ದ್ರವ್ಯಗಳು ನೀರು, ಉಪ್ಪು ಮತ್ತು ಗೋಧಿಹಿಟ್ಟು. ಡಬ್ಬಿಯ ಹಿಟ್ಟನ್ನು ಕೊಳ್ಳದವರು ಮನೆಯಲ್ಲಿಯೇ ಅದನ್ನು ಮಾಡುತ್ತಾರೆ. ಎರಡು ಬಟ್ಟಲು ಮೈದಾ, ಒಂದು ಬಟ್ಟಲು ಉಪ್ಪು, ಒಂದು ಬಟ್ಟಲು ನೀರು, ಸ್ವಲ್ಪ ಎಣ್ಣೆ, ಸ್ವಲ್ಪ ಬಣ್ಣ: ಇದು ಎಲ್ಲೆಡೆ ಬಳಕೆಯಲ್ಲಿರುವ ಅಳತೆ. ಬೂಸು ಹಿಡಿಯಬಾರದೆಂದು ಅಷ್ಟು ಉಪ್ಪನ್ನು ಬೆರೆಸುತ್ತಾರೆ.

ಆ ಉಪ್ಪಿನಲ್ಲಿಯೇ ಅಪಾಯವಿದೆ. ಈ ಅಳತೆಯಲ್ಲಿ ಕಲಸಿದ ಹಿಟ್ಟಿನ ತೂಕದಲ್ಲಿ ಮೂರನೆಯ ಒಂದು ಭಾಗಕ್ಕಿಂತಲೂ ಹೆಚ್ಚು ಉಪ್ಪೇ ಇರುತ್ತದೆ. 50 ಗ್ರಾಂ ತೂಗುವ ನಿಂಬೆಗಾತ್ರದ ಉಂಡೆಯಲ್ಲಿ ಸುಮಾರು 18 ಗ್ರಾಂ ಉಪ್ಪು ಸೇರಿರುತ್ತದೆ. ಗೊಂಬೆ ಒಣಗಿದರೆ ನೀರು ಹೋಗಿ ಉಪ್ಪಿನ ಪಾಲು ಅರ್ಧಕ್ಕೆ ಏರುತ್ತದೆ. ನಾಯಿಯ ದೇಹತೂಕದ ಪ್ರತಿ ಕಿಲೋಗ್ರಾಂಗೆ 2ರಿಂದ 3 ಗ್ರಾಂ ಉಪ್ಪು ಒಮ್ಮೆಲೇ ಹೊಟ್ಟೆ ಸೇರಿದರೆ ವಿಷಲಕ್ಷಣಗಳು ಕಾಣಿಸಿಕೊಳ್ಳುತ್ತವೆಂದೂ, 4 ಗ್ರಾಂ ಮುಟ್ಟಿದರೆ ಪ್ರಾಣವೇ ಹೋಗಬಹುದೆಂದೂ ಪಶುವೈದ್ಯಶಾಸ್ತ್ರ ಹೇಳುತ್ತದೆ. ಅಂದರೆ 5 ಕಿಲೋ ತೂಗುವ ಮರಿಯೊಂದಕ್ಕೆ ಅಂತಹ ಒಂದು ಉಂಡೆಯೇ ಸಾವಿನ ಅಂಚಿನವರೆಗೆ ಒಯ್ಯಲು ಸಾಕು. ಮಕ್ಕಳ ಕೈಗೆ ಅಂಟಿದ ಚೂರು ಇಷ್ಟು ಕೇಡು ಮಾಡಲಾರದು. ಮುದ್ದೆಗಟ್ಟಲೆ ಉಳಿದ ಹಿಟ್ಟು ಮಾಡುತ್ತದೆ. ಗೋಧಿಯ ವಾಸನೆ, ಎಣ್ಣೆಯ ಜಿಡ್ಡು, ಉಪ್ಪಿನ ರುಚಿ ಮೂರೂ ಇರುವುದರಿಂದ ನಾಯಿ ಅದನ್ನು ಆಹಾರವೆಂದೇ ತಿಳಿದು ನುಂಗುತ್ತದೆ.

ಉಪ್ಪು ಹೇಗೆ ಕೊಲ್ಲುತ್ತದೆಂಬುದನ್ನು ಕೃಷ್ಣಾ, ಘಟಪ್ರಭಾ ನದಿಗಳ ನೀರಾವರಿಯಲ್ಲಿ ಕಬ್ಬು ಬೆಳೆಯುವ ರೈತರಿಗೆ ವಿವರಿಸಿ ಹೇಳಬೇಕಾಗಿಲ್ಲ. ಸವಳು ನೆಲದಲ್ಲಿ ಹಸಿಯಿದ್ದರೂ ಬೆಳೆ ಬಾಡುತ್ತದೆ. ಮಣ್ಣಿನ ಉಪ್ಪು ಬೇರಿಗೆ ನೀರು ದಕ್ಕಗೊಡುವುದಿಲ್ಲ. ನಾಯಿಯ ಒಡಲಲ್ಲಿಯೂ ಆಗುವುದು ಅದೇ. ರಕ್ತದಲ್ಲಿ ಉಪ್ಪು ಏರಿದಂತೆ ಜೀವಕೋಶಗಳೊಳಗಿನ ನೀರು ಹೊರಕ್ಕೆ ಸೆಳೆಯಲ್ಪಡುತ್ತದೆ, ಮೆದುಳು ಕುಗ್ಗುತ್ತದೆ. ಮೊದಲು ವಾಂತಿ, ಭೇದಿ, ತಡೆಯಲಾರದ ಬಾಯಾರಿಕೆ, ಬಳಿಕ ತೂರಾಡುವ ನಡಿಗೆ, ನಡುಕ, ಸೆಳವು, ಕೊನೆಗೆ ಪ್ರಜ್ಞಾಹೀನತೆ. ಇದೆಲ್ಲವೂ ಕೆಲವೇ ಗಂಟೆಗಳಲ್ಲಿ ಆಗಬಹುದು.

ಮುಗಳಖೋಡದ ಸುತ್ತಲಿನ ಯಾವುದೇ ತೋಟದ ಮನೆಯನ್ನು ವಾಚಕರು ಕಣ್ಣಮುಂದೆ ತಂದುಕೊಳ್ಳಬಹುದು. ರಜೆಯ ದಿನ ಮೊಮ್ಮಕ್ಕಳು ಪಡಸಾಲೆಯಲ್ಲಿ ಹಿಟ್ಟು ಹರಡಿಕೊಂಡು ಆನೆ, ಕುದುರೆ, ಕಲಶಗಳನ್ನು ಮಾಡಿ ಮುಗಿಸಿದ್ದಾರೆ. "ಆಯಿ, ಉಳಿದದ್ದ ನಾಯಿಗಿ ಹಾಕಲೇನ?" ಎಂದು ಹುಡುಗಿ ಕೇಳುತ್ತಾಳೆ. ಅನ್ನವನ್ನು ಚೆಲ್ಲಬಾರದು, ಹಸಿದ ಪ್ರಾಣಿಗೆ ಹಾಕಬೇಕು ಎಂದು ಜೀವಮಾನವಿಡೀ ನಡೆದುಬಂದ ಅಜ್ಜಿ ಹೂಂ ಎನ್ನುತ್ತಾಳೆ. ಇಲ್ಲಿ ಕ್ರೌರ್ಯವಿಲ್ಲ, ದ್ವೇಷವಿಲ್ಲ, ಇರುವುದು ಕರುಣೆಯೇ. ಆದರೂ ಸಂಜೆಯ ಹೊತ್ತಿಗೆ ಒಂದು ಜೀವ ನರಳುತ್ತದೆ. ಈ ನರಳಿಕೆಗೆ ಹೊಣೆ ಯಾರು?

ಈ ಪ್ರಶ್ನೆಯನ್ನು ಆಚಾರ್ಯರು ಸೂಕ್ಷ್ಮವಾಗಿ ವಿಚಾರಿಸಿದ್ದಾರೆ. ಪ್ರಮಾದದಿಂದ ಕೂಡಿದ ಯೋಗದಿಂದ ಪ್ರಾಣಹಾನಿಯಾಗುವುದೇ ಹಿಂಸೆಯೆಂದು ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ನಿರೂಪಿಸಿದ್ದಾರೆ. ಆರನೆಯ ಅಧ್ಯಾಯದಲ್ಲಿ ಕರ್ಮಾಸ್ರವದ ತಾರತಮ್ಯವನ್ನು ಹೇಳುವಾಗ, ಭಾವದ ತೀವ್ರತೆ ಮಂದತೆಗಳ ಜೊತೆಗೆ, ತಿಳಿದು ಮಾಡಿದ್ದು, ತಿಳಿಯದೆ ಮಾಡಿದ್ದು ಎಂಬ ಭೇದವನ್ನೂ ಎಣಿಸಿದ್ದಾರೆ. ಆದುದರಿಂದ ಆ ಅಜ್ಜಿಯ ಕೃತ್ಯವೂ ಬೇಕೆಂದೇ ವಿಷವಿಕ್ಕಿದವನ ಕೃತ್ಯವೂ ಸಮಾನವಲ್ಲ. ಆದರೆ ಅರಿಯದಿರುವುದು ಶಾಶ್ವತವಾದ ಆಸರೆಯೂ ಅಲ್ಲ. ಹಿಟ್ಟಿನಲ್ಲಿರುವ ಉಪ್ಪು ನಾಯಿಗೆ ವಿಷವೆಂದು ತಿಳಿದ ದಿನದಿಂದ ಲೆಕ್ಕ ಬದಲಾಗುತ್ತದೆ. ಅಂದಿನಿಂದ ಅಲಕ್ಷ್ಯವು ಪ್ರಮಾದವಾಗುತ್ತದೆ. ತಿಳಿದುಕೊಳ್ಳುವುದೂ ಅಹಿಂಸಾವ್ರತದ ಒಂದು ಅಂಗವೇ ಎಂಬುದು ಇದರ ತಾತ್ಪರ್ಯ.

ಮುನಿಗಳ ಐದು ಸಮಿತಿಗಳಲ್ಲಿ ಆದಾನನಿಕ್ಷೇಪಣ ಸಮಿತಿಯೂ ಒಂದು: ವಸ್ತುವನ್ನು ಎತ್ತಿಕೊಳ್ಳುವಾಗ, ಕೆಳಗಿಡುವಾಗ ನೋಡಿ, ಶೋಧಿಸಿ ಇಡಬೇಕೆಂಬ ನಿಯಮ. ಶ್ರಾವಕನಿಗೆ ಇದು ಪೂರ್ಣವಾಗಿ ಅನ್ವಯಿಸದಿದ್ದರೂ ಅದರ ಅಂಶವನ್ನು ಅವನು ಪಾಲಿಸಬಲ್ಲನು. ಅನರ್ಥದಂಡ ವಿರತಿಯಲ್ಲಂತೂ ಪ್ರಮಾದಚರ್ಯೆಯನ್ನೂ, ವಿಷ, ಶಸ್ತ್ರ, ಬೆಂಕಿ ಮೊದಲಾದವನ್ನು ಕೊಡುವ ಹಿಂಸಾದಾನವನ್ನೂ ಬಿಡಬೇಕೆಂದು ಗೃಹಸ್ಥನಿಗೇ ವಿಧಿಸಲಾಗಿದೆ. ಆಟ ಮುಗಿದ ಮೇಲೆ ಹಿಟ್ಟನ್ನು ಎಲ್ಲಿ ಇಡಲಾಯಿತು, ಎಲ್ಲಿ ಎಸೆಯಲಾಯಿತು ಎಂಬುದು ಸಣ್ಣ ವಿಷಯವೆಂದು ತೋರಿದರೂ, ವ್ರತದ ಪರೀಕ್ಷೆ ನಡೆಯುವುದು ಇಂತಹ ಸಣ್ಣ ವಿಷಯಗಳಲ್ಲಿಯೇ.

ನಾಯಿಯು ಹಿಟ್ಟನ್ನು ತಿಂದಿತೆಂದು ತಿಳಿದರೆ ಲಕ್ಷಣಗಳಿಗಾಗಿ ಕಾಯದೆ ಪಶುವೈದ್ಯರಲ್ಲಿಗೆ ಒಯ್ಯಬೇಕು. ಎಷ್ಟು ತಿಂದಿತು, ಯಾವಾಗ ತಿಂದಿತು, ಹಿಟ್ಟಿನಲ್ಲಿ ಎಷ್ಟು ಉಪ್ಪಿತ್ತು ಎಂಬುದನ್ನು ಹೇಳಬೇಕು. ವಾಂತಿ ಮಾಡಿಸಲೆಂದು ಉಪ್ಪುನೀರು ಕುಡಿಸುವ ಹಳೆಯ ಉಪಾಯವನ್ನು ಖಂಡಿತ ಮಾಡಬಾರದು. ಅದು ವಿಷದ ಮೇಲೆ ವಿಷ. ಎಚ್ಚರವಿರುವ ನಾಯಿಗೆ ಶುದ್ಧ ನೀರನ್ನು ಸ್ವಲ್ಪ ಸ್ವಲ್ಪವಾಗಿ, ತಾನಾಗಿ ಕುಡಿಯುವಂತೆ ಇಡಬೇಕು. ತೂರಾಡುವ ಅಥವಾ ಸೆಳವು ಬಂದ ನಾಯಿಯ ಬಾಯಿಗೆ ನೀರು ಹೊಯ್ಯಬಾರದು. ಉಪ್ಪೇರಿದ ರಕ್ತವನ್ನು ಅವಸರದಿಂದ ತಿಳಿಗೊಳಿಸಿದರೆ ಕುಗ್ಗಿದ ಮೆದುಳು ಬಾತುಕೊಳ್ಳುವ ಭಯವಿದೆ. ಆದುದರಿಂದ ವೈದ್ಯರು ಅದನ್ನು ನಿಧಾನವಾಗಿಯೇ ಇಳಿಸುತ್ತಾರೆ. ಸರಪಳಿ ಹಾಕಿ ನೀರಿಲ್ಲದ ಕಡೆ ಕಟ್ಟಿದ ನಾಯಿಗೆ ಅಪಾಯ ಇಮ್ಮಡಿ. ಬಂಧನವನ್ನೂ ಅನ್ನಪಾನನಿರೋಧವನ್ನೂ ಅಹಿಂಸಾಣುವ್ರತದ ಅತಿಚಾರಗಳಲ್ಲಿ ಏಕೆ ಸೇರಿಸಿದ್ದಾರೆಂಬುದು ಇಂತಹ ವೇಳೆಯಲ್ಲಿ ಮನದಟ್ಟಾಗುತ್ತದೆ.

ನಾಯಿಯನ್ನು ಕೀಳೆಂದು ಕಾಣುವ ರೂಢಿ ಲೋಕದಲ್ಲಿದೆ. ಜೈನ ಪರಂಪರೆ ಹಾಗೆ ಕಂಡಿಲ್ಲ. ಧರ್ಮದಿಂದ ನಾಯಿಯೂ ದೇವನಾಗಬಲ್ಲದು, ಪಾಪದಿಂದ ದೇವನೂ ನಾಯಿಯಾಗಬಹುದು ಎಂಬುದು ಸಮಂತಭದ್ರರು ರತ್ನಕರಂಡಕದಲ್ಲಿ ಹೇಳಿದ ಮಾತಿನ ಸಾರ. 1424ರಲ್ಲಿ ಭಾಸ್ಕರ ಕವಿ ಕನ್ನಡಿಸಿದ ಜೀವಂಧರನ ಕಥೆಯೂ ಪ್ರಸಿದ್ಧವಾದುದೇ. ಪೆಟ್ಟು ತಿಂದು ಸಾಯುತ್ತಿದ್ದ ನಾಯಿಯ ಕಿವಿಯಲ್ಲಿ ಆ ರಾಜಕುಮಾರ ಪಂಚನಮಸ್ಕಾರ ಮಂತ್ರವನ್ನು ಉಸುರಿದನು. ನಾಯಿ ಯಕ್ಷನಾಗಿ ಹುಟ್ಟಿ ಅವನಿಗೆ ನೆರವಾಯಿತು. ಸಾಯುವ ನಾಯಿಗೆ ಮಂತ್ರ ಹೇಳುವುದು ಪುಣ್ಯಕಾರ್ಯವೇ ಸರಿ. ಅದಕ್ಕೆ ಮೊದಲು, ನಮ್ಮ ಅಂಗಳದಲ್ಲಿ ಅಂತಹ ಪ್ರಸಂಗವೇ ಬಾರದಂತೆ ನೋಡಿಕೊಳ್ಳಬೇಕಾದುದು ಗೃಹಸ್ಥನ ಪಾಲಿನ ಕೆಲಸ.

ಬಸದಿಗಳ ಟ್ರಸ್ಟಿನವರೂ ಈ ವಿಚಾರವನ್ನು ಗಮನಿಸುವುದು ಒಳಿತು. ಪಾಠಶಾಲೆ, ಬೇಸಿಗೆಯ ಸಂಸ್ಕಾರ ಶಿಬಿರಗಳಲ್ಲಿ ಮಕ್ಕಳಿಂದ ಮಾದರಿಗಳನ್ನು ಮಾಡಿಸುವುದಾದರೆ ಎರೆಮಣ್ಣನ್ನೇ ಬೇಕಾದಷ್ಟು ಮಾತ್ರ ತಂದು ಬಳಸಬಹುದು. ಉಪ್ಪಿನ ಹಿಟ್ಟೇ ಬೇಕೆಂದರೆ ಅದನ್ನು ಎಣಿಸಿ ಕೊಟ್ಟು ಎಣಿಸಿ ತೆಗೆದುಕೊಳ್ಳಬೇಕು. ಉಳಿದದ್ದನ್ನು ಬಿಗಿಮುಚ್ಚಳದ ಡಬ್ಬಿಯಲ್ಲಿಟ್ಟು ನಾಯಿಗೆ ಎಟುಕದ ಎತ್ತರದಲ್ಲಿ ಇರಿಸಬೇಕು. ಒಣಗಿದ ಗೊಂಬೆಗಳನ್ನು ಬಸದಿಯ ಹಿಂದೆ ಎಸೆಯದೆ, ದನಗಳ ಗೋದಲಿಗೂ ಹಾಕದೆ, ಕಟ್ಟಿ, ಮುಚ್ಚಿದ ಕಸದ ತೊಟ್ಟಿಗೆ ಸೇರಿಸಬೇಕು. ಪ್ರಸಾದನಿಲಯವಿರುವ ಕಡೆ ಎಲೆ ಎಸೆಯುವ ಸ್ಥಳಕ್ಕೆ ನಾಯಿಗಳು ನಿತ್ಯವೂ ಬರುವುದರಿಂದ ಅಲ್ಲಿ ಇನ್ನಷ್ಟು ಜಾಗ್ರತೆ ಬೇಕು. ಗೊಂಬೆ ಮಾಡುವುದನ್ನು ಕಲಿಸುವ ಹಿರಿಯರು, ಆಟ ಮುಗಿದ ಮೇಲೆ ಹಿಟ್ಟನ್ನು ಎತ್ತಿಡುವುದನ್ನೂ ಅದೇ ಪಾಠದಲ್ಲಿ ಕಲಿಸಲಿ. ಮಗು ಸಮಿತಿಯ ಹೆಸರನ್ನು ಬಾಯಿಪಾಠ ಮಾಡುವ ಮೊದಲೇ ಅದರ ಅರ್ಥವನ್ನು ಕೈಯಿಂದ ಕಲಿತಿರುತ್ತದೆ.