ಐವರು ಬರೆದ ಪುಸ್ತಕ, ಓದುವವರು ಯಾರೂ ಇಲ್ಲ

ನಾಲ್ಕು ವರ್ಷಗಳಿಂದ ನಾನು ಒಂದೇ ಪುಸ್ತಕ ಹಿಡಿದು ಕೂತಿದ್ದೇನೆ. ಓದುತ್ತಿದ್ದೇನೆ ಎನ್ನುವ ಹಾಗಿಲ್ಲ, ಏಕೆಂದರೆ ಅದನ್ನು ಓದಬಲ್ಲವರು ಈ ಭೂಮಿಯ ಮೇಲೆ ಒಬ್ಬರೂ ಇಲ್ಲ. ನೋಡುತ್ತೇನೆ, ಎಣಿಸುತ್ತೇನೆ, ಗೀಟು ಹಾಕಿದ ಹಾಳೆಯಲ್ಲಿ ಬರೆದಿಡುತ್ತೇನೆ. “ರಿಟೈರಾದ ಮೇಲೂ ಲೆಜರ್ ಬಿಡಲಿಲ್ಲವಲ್ಲ!” ಎಂದು ಮನೆಯವರು ನಗುತ್ತಾರೆ. ಆರನೇ ಕ್ಲಾಸಿನ ಮೊಮ್ಮಗಳು ಮಾತ್ರ ಹೋಂವರ್ಕ್ ಮುಗಿಸಿ ಬಂದು ಪಕ್ಕದಲ್ಲಿ ಕೂರುತ್ತಾಳೆ. ಓದಲು ಬಾರದ ಪುಸ್ತಕದ ಮುಂದೆ ತಾತನೂ ಮೊಮ್ಮಗಳೂ ಸರಿಸಮ.

ಈ ಪುಸ್ತಕಕ್ಕೆ ವಾಯ್ನಿಚ್ ಹಸ್ತಪ್ರತಿ ಎಂದು ಹೆಸರು. ಈಗ ಅದು ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ಬೈನೆಕಿ ಗ್ರಂಥಾಲಯದಲ್ಲಿದೆ. ಅಲ್ಲಿಯವರು ಒಂದೊಂದು ಪುಟದ ಫೋಟೋವನ್ನೂ ಅಂತರ್ಜಾಲದಲ್ಲಿ ಪುಕ್ಕಟೆಯಾಗಿ ಹಾಕಿರುವುದರಿಂದ ನನ್ನಂಥವನೂ ಮನೆಯಲ್ಲೇ ಕೂತು ನೋಡಬಹುದು. ಎತ್ತರ 23 ಸೆಂಟಿಮೀಟರಿಗೆ ಸ್ವಲ್ಪ ಮೇಲೆ, ಅಗಲ 16. ಸುಮಾರು 240 ಪುಟ. ಕೆಲವು ಹಾಳೆಗಳು ಮಡಚಿಟ್ಟ ಭೂಪಟದಂತೆ ಬಿಚ್ಚಿಕೊಳ್ಳುತ್ತವೆ. ಇದು ಕಾಗದವಲ್ಲ, ಕರುವಿನ ಚರ್ಮವನ್ನು ಹೆರೆದು ತೆಳ್ಳಗೆ ಮಾಡಿದ ಹಾಳೆ. ಹಾಳೆಗಳ ಮೂಲೆಯಲ್ಲಿ ಹಿಂದೆ ಯಾರೋ ಹಾಕಿದ ಸಂಖ್ಯೆ 116ರವರೆಗೆ ಹೋಗುತ್ತದೆ. ಅದರಲ್ಲಿ 14 ಹಾಳೆ ಕಾಣೆಯಾಗಿವೆ.

ಎಷ್ಟು ಹಳೆಯದು? ಜೀವವಿರುವ ಎಲ್ಲದರಲ್ಲೂ ಕಾರ್ಬನ್-14 ಎಂಬ ವಸ್ತು ಅತ್ಯಲ್ಪ ಪ್ರಮಾಣದಲ್ಲಿರುತ್ತದೆ. ಜೀವ ಹೋದ ಮೇಲೆ ಅದು ನಿಧಾನವಾಗಿ ಕರಗುತ್ತಾ ಹೋಗಿ, ಸುಮಾರು 5,730 ವರ್ಷಕ್ಕೆ ಅರ್ಧವಾಗುತ್ತದೆ. ಎಷ್ಟು ಉಳಿದಿದೆ ಎಂದು ಅಳೆದರೆ ಪ್ರಾಣಿ ಯಾವಾಗ ಸತ್ತಿತೆಂದು ಲೆಕ್ಕ ಹಾಕಬಹುದು. 2009ರಲ್ಲಿ ಅಮೆರಿಕದ ಅರಿಜೋನಾ ವಿಶ್ವವಿದ್ಯಾಲಯದಲ್ಲಿ ನಾಲ್ಕು ಹಾಳೆಗಳ ಚೂರುಗಳನ್ನು ಹೀಗೆ ಪರೀಕ್ಷಿಸಿದರು. 1404ರಿಂದ 1438ರ ನಡುವಿನ ಚರ್ಮ ಎಂದು ತಿಳಿಯಿತು. ನಮ್ಮ ಕಡೆ ವಿಜಯನಗರದಲ್ಲಿ ದೇವರಾಯರು ಆಳುತ್ತಿದ್ದ ಕಾಲ.

ಮಕ್ಕಳೇ, ಮೊದಲು ಚಿತ್ರಗಳನ್ನು ನೋಡೋಣ. ಅರ್ಧದಷ್ಟು ಪುಸ್ತಕ ಬರೀ ಗಿಡಗಳು. ಪುಟಕ್ಕೊಂದು ಗಿಡ, ಅದರ ಸುತ್ತ ಬರಹ. ನಮ್ಮ ನಾಟಿ ವೈದ್ಯರ ಪುಸ್ತಕದಂತೆಯೇ ಕಾಣುತ್ತದೆ. ಆದರೆ ಹೆಚ್ಚಿನ ಗಿಡಗಳು ಯಾವುವೆಂದು ಸಸ್ಯಶಾಸ್ತ್ರಜ್ಞರಿಗೂ ಗೊತ್ತಾಗಿಲ್ಲ. ಪ್ಯಾನ್ಸಿ ಜಾತಿಯ ಕಾಡುಹೂವೊಂದನ್ನು ಅನೇಕರು ಒಪ್ಪುತ್ತಾರೆ. ಒಂದು ಗಿಡದ ಬೇರಿನಲ್ಲಿ ಎರಡು ಮನುಷ್ಯ ಮುಖಗಳಿವೆ. ಇನ್ನೊಂದರ ಬುಡದಲ್ಲಿ ಪುಟಾಣಿ ಪ್ರಾಣಿಯೊಂದು ಎಲೆಗೆ ಬಾಯಿ ಹಾಕಿ ನಿಂತಿದೆ. ಅದು ಹಲ್ಲಿಯೋ, ಡ್ರ್ಯಾಗನ್ ಮರಿಯೋ ಎಂದು ನಮ್ಮ ಮನೆಯಲ್ಲಿ ಇನ್ನೂ ತೀರ್ಮಾನವಾಗಿಲ್ಲ. ಮತ್ತೊಂದು ಗಿಡವನ್ನು 1944ರಲ್ಲಿ ಒಬ್ಬ ಸಸ್ಯಶಾಸ್ತ್ರಜ್ಞರು ಸೂರ್ಯಕಾಂತಿ ಎಂದರು. ಸೂರ್ಯಕಾಂತಿ ಅಮೆರಿಕದ ಹೂವು. ಕೊಲಂಬಸ್ ಅಲ್ಲಿಗೆ ಹೋದದ್ದು 1492ರಲ್ಲಿ. ಚರ್ಮದ ವಯಸ್ಸು ತಿಳಿದ ಮೇಲೆ ಆ ಮಾತಿಗೆ ಬಲ ಉಳಿಯಲಿಲ್ಲ.

ಮುಂದೆ ಹೋದರೆ ರಾಶಿಚಕ್ರ. ಇಲ್ಲಿ ಮಾತ್ರ ನಮಗೆ ಗುರುತಿನವರು ಸಿಗುತ್ತಾರೆ: ಮೀನ, ಮೇಷ, ವೃಷಭ, ಮಿಥುನ. ಸುತ್ತಲೂ ವೃತ್ತಾಕಾರದಲ್ಲಿ ನಕ್ಷತ್ರಗಳ ಜೊತೆಗೆ ನಿಂತ ಪುಟ್ಟ ಸ್ತ್ರೀಯರು. ಮೇಷಕ್ಕೆ ಎರಡು ಚಿತ್ರ, ಒಂದೊಂದರಲ್ಲೂ 15 ಜನ. ಕೂಡಿದರೆ 30, ತಿಂಗಳಿನ ಲೆಕ್ಕ ಸರಿಹೋಗುತ್ತದೆ! ಧನು ರಾಶಿಯವನು ಅರ್ಧ ಕುದುರೆಯಾಗಿರದೆ ಪೂರ್ತಿ ಮನುಷ್ಯನಾಗಿದ್ದಾನೆ. ಕೈಯಲ್ಲಿ ಯುರೋಪಿನ ಸೈನಿಕರು ಹಿಡಿಯುತ್ತಿದ್ದಂಥ ಅಡ್ಡಬಿಲ್ಲು. ಮಕರ, ಕುಂಭ ಇಲ್ಲ. ಆ ಹಾಳೆ ಕಳೆದುಹೋಗಿದೆ. ಆಮೇಲೆ ಹಸಿರು ನೀರಿನ ಕೊಳಗಳಲ್ಲಿ ಮೀಯುವ ಹೆಂಗಸರು, ಕೊಳದಿಂದ ಕೊಳಕ್ಕೆ ಕೊಳವೆಗಳು, ಔಷಧದ ಭರಣಿಗಳು. ದೊಡ್ಡದಾಗಿ ಬಿಚ್ಚಿಕೊಳ್ಳುವ ಒಂದು ಹಾಳೆಯಲ್ಲಿ ಒಂಬತ್ತು ವೃತ್ತಗಳು, ಅದರ ಒಂದು ಮೂಲೆಯಲ್ಲಿ ಪುಟ್ಟ ಕೋಟೆ.

ಇನ್ನು ಬರಹ. ಎಡದಿಂದ ಬಲಕ್ಕೆ ಸಾಗುತ್ತದೆ. ತಿದ್ದಿದ ಗುರುತು ಕಾಣುವುದೇ ಅಪರೂಪ. ಪದೇ ಪದೇ ಬರುವ ಅಕ್ಷರಗಳು ಇಪ್ಪತ್ತು ಇಪ್ಪತ್ತೈದು. ಇಂಗ್ಲಿಷಿನ 4, 9, 8 ಅಂಕಿಗಳನ್ನು ಹೋಲುವ ಅಕ್ಷರಗಳಿವೆ. ಎತ್ತರದ ಕಂಬಕ್ಕೆ ಕುಣಿಕೆ ಹಾಕಿದಂಥವೂ ಇವೆ. ಒಂದಕ್ಷರವೂ ಅರ್ಥವಾಗದಿದ್ದರೂ, ಎಣಿಸಿದರೆ ಎಷ್ಟೋ ಸಂಗತಿ ತಿಳಿಯುತ್ತದೆ. 4ರಂಥ ಅಕ್ಷರ ಹೆಚ್ಚುಕಡಿಮೆ ಯಾವಾಗಲೂ ಪದದ ಆರಂಭದಲ್ಲೇ ಬರುತ್ತದೆ, ಅದರ ಬೆನ್ನಿಗೆ ಸೊನ್ನೆಯಂಥ ಅಕ್ಷರ. 9ರಂಥದಕ್ಕೆ ಪದದ ಕೊನೆ ಬಹಳ ಇಷ್ಟ. ಕಂಬದಂಥವು ಪ್ಯಾರಾದ ಮೊದಲಲ್ಲಿ ಠೀವಿಯಿಂದ ನಿಲ್ಲುತ್ತವೆ.

ಇದರಲ್ಲೇನು ವಿಶೇಷ ಎನ್ನುತ್ತೀರಾ? ಈ ಪತ್ರಿಕೆಯ ಯಾವುದಾದರೂ ಪುಟದಲ್ಲಿ ‘ಳ’ಕಾರದಿಂದ ಶುರುವಾಗುವ ಪದ ಹುಡುಕಿ. ‘ಣ’ಕಾರದಿಂದ ಶುರುವಾಗುವುದನ್ನೂ ಹುಡುಕಿ. ಸಿಗುವುದು ಕಷ್ಟ. ಪದದ ನಡುವೆ, ಕೊನೆಯಲ್ಲಿ ಮಾತ್ರ ಬೇಕಾದಷ್ಟಿವೆ. ಕನ್ನಡವೇ ಬಾರದವರೂ ಎಣಿಸಿಯೇ ಇದನ್ನು ಕಂಡುಹಿಡಿಯಬಲ್ಲರು. ಭಾಷೆಗೆ ಇಂಥ ಕಟ್ಟುಪಾಡು ಇರುತ್ತದೆ. ಆದರೆ ಈ ಪುಸ್ತಕದ ಕಟ್ಟುಪಾಡು ನಾವು ಕಂಡ ಭಾಷೆಗಳಿಗಿಂತ ಬಹಳ ಬಿಗಿ. ಒಂದೇ ಪದ ಬೆನ್ನುಬೆನ್ನಿಗೆ ಎರಡು ಮೂರು ಸಲ ಬರುವುದೂ ಉಂಟು. ಹಾಗಾಗಿ ಇದು ಗುಪ್ತಲಿಪಿ ಎನ್ನುವವರಿದ್ದಾರೆ, ಯಾರೋ ಹೊಸದಾಗಿ ಕಟ್ಟಿದ ಭಾಷೆ ಎನ್ನುವವರಿದ್ದಾರೆ, ಸಿರಿವಂತರಿಗೆ ಮಾರಲು ಗೀಚಿದ ಅರ್ಥವಿಲ್ಲದ ಸಾಲುಗಳು ಎನ್ನುವವರೂ ಇದ್ದಾರೆ.

ಬ್ಯಾಂಕಿನಲ್ಲಿ ನನ್ನ ದೊಡ್ಡ ಕೆಲಸವೆಂದರೆ ಚೆಕ್ಕಿನ ಸಹಿಯನ್ನು ಮಾದರಿ ಸಹಿಯ ಪಕ್ಕಕ್ಕಿಟ್ಟು ನೋಡುವುದು. ಲೆಜರಿನ ಪುಟ ತೆರೆದರೆ ಸಾಕು, ಯಾರ ಕೈಬರಹ ಎಂದು ಹೇಳಿಬಿಡುತ್ತಿದ್ದೆವು. ಹೀಗಾಗಿ ನನಗೆ ಬಹಳ ಹಿಡಿಸಿದ್ದು ಕೈಬರಹದ ಸಂಶೋಧನೆ. 1970ರ ದಶಕದಲ್ಲಿ ಪ್ರೆಸ್ಕಾಟ್ ಕರಿಯರ್ ಎಂಬವರು ಇದು ಒಬ್ಬನ ಕೈ ಅಲ್ಲ ಎಂದು ತೋರಿಸಿದರು. 2020ರಲ್ಲಿ ಹಳೆಯ ಲಿಪಿಗಳ ವಿದ್ವಾಂಸೆ ಲೀಸಾ ಫೇಗನ್ ಡೇವಿಸ್, ಕುಣಿಕೆಗಳು ತಿರುಗುವ ರೀತಿ, ಬಾಲಗಳು ಇಳಿಯುವ ರೀತಿ ನೋಡಿ ಐದು ಜನರ ಕೈ ಇದೆ ಎಂದರು. ಐದು ಜನ! ಅಂದರೆ ಇದು ಒಬ್ಬ ಹುಚ್ಚು ಪಂಡಿತ ಕತ್ತಲ ಕೋಣೆಯಲ್ಲಿ ಕೂತು ಬರೆದದ್ದಲ್ಲ. ಒಬ್ಬರು ಇನ್ನೊಬ್ಬರಿಗೆ ತೋರಿಸಿಕೊಟ್ಟಿರಬೇಕು, ಅಕ್ಷರ ತಿದ್ದಿಸಿರಬೇಕು. ಒಂದು ಪುಟ್ಟ ಶಾಲೆಯೇ ಇತ್ತೇನೋ ಎಂದು ನನಗನ್ನಿಸುತ್ತದೆ.

ಆ ಶಾಲೆ ಏನಾಯಿತು? 1639ರಲ್ಲಿ ಪ್ರಾಗ್ ನಗರದ ಬರೆಶ್ ಎಂಬಾತ ರೋಮಿನ ಮಹಾಪಂಡಿತ ಕಿರ್ಶರ್‌ಗೆ ಬರೆದ ಪತ್ರವಿದೆ: ಈ ಪುಸ್ತಕ ನನ್ನ ಮನೆಯಲ್ಲಿ ಸುಮ್ಮನೆ ಜಾಗ ತಿನ್ನುತ್ತಿದೆ, ಓದಿ ಹೇಳುವಿರಾ ಎಂಬ ಅರ್ಥದ್ದು. ಆತ ಸತ್ತ ಮೇಲೆ ಗೆಳೆಯ ಮಾರ್ಸಿ ಪುಸ್ತಕವನ್ನೇ ಕಿರ್ಶರ್‌ಗೆ ಕಳಿಸಿದ. ಹಿಂದೆ ರುಡಾಲ್ಫ್ ಚಕ್ರವರ್ತಿ ಇದಕ್ಕೆ 600 ಚಿನ್ನದ ನಾಣ್ಯ ಕೊಟ್ಟಿದ್ದನೆಂದು ತಾನು ಕೇಳಿದ್ದನ್ನೂ ಬರೆದ. ಅಲ್ಲಿಂದ ಮುಂದೆ ಬಹುಕಾಲ ಮೌನ. 1912ರಲ್ಲಿ ರೋಮ್ ಬಳಿಯ ಫ್ರಸ್ಕಾಟಿಯಲ್ಲಿ ಹಳೆ ಪುಸ್ತಕಗಳ ವ್ಯಾಪಾರಿ ವಿಲ್‌ಫ್ರಿಡ್ ವಾಯ್ನಿಚ್ ಇದನ್ನು ಕೊಂಡ. ಆತನ ಹೆಂಡತಿ ಎಥೆಲ್, ಕಂಪ್ಯೂಟರಿನ ತರ್ಕಕ್ಕೆ ಬುನಾದಿ ಹಾಕಿದ ಗಣಿತಜ್ಞ ಜಾರ್ಜ್ ಬೂಲ್ ಅವರ ಮಗಳು. ಎಥೆಲ್‌ಳ ತಾಯಿಯ ದೊಡ್ಡಪ್ಪನೇ, ನಮ್ಮ ದೇಶವನ್ನು ಅಳೆದ ಸರ್ವೇಯರ್ ಜನರಲ್ ಜಾರ್ಜ್ ಎವರೆಸ್ಟ್! ಆ ಶಿಖರದ ಹೆಸರು ಆತನದೇ.

ಲೆಕ್ಕ ಹಾಕಿ ನೋಡಿ. 1438ರಿಂದ 1639ಕ್ಕೆ 201 ವರ್ಷ. ಐದು ಜನರ ಕೈಯಲ್ಲಿ ಸಲೀಸಾಗಿ ಹರಿದ ಬರಹ ಅಷ್ಟರೊಳಗೆ ಯಾರಿಗೂ ಬಾರದ್ದಾಯಿತು. ಹಾಳೆ ಸುಟ್ಟಿಲ್ಲ, ಶಾಯಿ ಮಾಸಿಲ್ಲ. ಕಲಿಸುವವರು ನಿಂತುಹೋದರು, ಅಷ್ಟೇ.

ನಮ್ಮ ಮನೆಯಲ್ಲೂ ಇಂಥದ್ದೊಂದು ಸಣ್ಣದಾಗಿ ನಡೆದಿತ್ತು. ನನ್ನ ಅಜ್ಜ ಬೆಳಗಾವಿ ಸೀಮೆಯಲ್ಲಿ ಹಳ್ಳಿಯ ಲೆಕ್ಕ ಬರೆಯುತ್ತಿದ್ದವರು. ಆಗ ಆ ಕಡೆ ಲೆಕ್ಕಪತ್ರಗಳಿಗೆ ಮೋಡಿ ಲಿಪಿ ಬಳಸುತ್ತಿದ್ದರು. ಅಜ್ಜನ ಒಂದು ಪುಸ್ತಕ ಟ್ರಂಕಿನಲ್ಲಿ ಉಳಿದಿತ್ತು. ಅಪ್ಪನಿಗೆ ಓದಲು ಬರುತ್ತಿತ್ತು, ನಮಗೆ ಯಾರಿಗೂ ಬಾರದು. ಅಪ್ಪ ಹೋದ ಮೇಲೆ ಅದೂ ನಮ್ಮ ಪಾಲಿಗೆ ವಾಯ್ನಿಚ್ ಪುಸ್ತಕವೇ ಆಯಿತು. ಮನೆಯಲ್ಲಿ ಒಬ್ಬೊಬ್ಬರದು ಒಂದೊಂದು ಊಹೆ: ನಿಧಿಯ ಗುರುತು, ಮಂತ್ರ, ಜಮೀನಿನ ಕಾಗದ. ಕಡೆಗೆ ಮೋಡಿ ಬಲ್ಲ ಹಿರಿಯರೊಬ್ಬರು ಎರಡು ಬೆಳಗ್ಗೆ ಕೂತು ಓದಿ ಹೇಳಿದರು. ಯಾರಿಗೆ ಎಷ್ಟು ಬಿತ್ತನೆ ಜೋಳ ಕೊಟ್ಟದ್ದು, ಯಾರು ಹಿಂದಿರುಗಿಸಿದ್ದು, ಬಾವಿ ಹೂಳು ತೆಗೆಸಿದ್ದಕ್ಕೆ ಎಷ್ಟು ಕೂಲಿ. ಒಂದು ಕಡೆ ಮಾತ್ರ ಲೆಕ್ಕದ ಬದಿಗೆ, ಅಪ್ಪ ಹುಟ್ಟಿದ ದಿನ ಮತ್ತು ಅಂದು ಮಳೆ ಬಂದ ಸಂಗತಿ. ಅಕ್ಕ ಅಳುತ್ತಾ ಅದನ್ನು ಇನ್ನೊಮ್ಮೆ ಓದಿಸಿದಳು. ಅದಕ್ಕೆ ಮೊದಲು ಅಪ್ಪನ ಹುಟ್ಟಿದ ದಿನ ನಮಗೆ ಯಾರಿಗೂ ತಿಳಿದಿರಲಿಲ್ಲ.

ವಾಯ್ನಿಚ್ ಪುಸ್ತಕಕ್ಕೆ ಅಂಥ ಹಿರಿಯರು ಇನ್ನೂ ಸಿಕ್ಕಿಲ್ಲ. ಸಿಕ್ಕಿತು ಎಂದವರು ಮಾತ್ರ ಬಹಳ. 1921ರಲ್ಲಿ ಪೆನ್ಸಿಲ್ವೇನಿಯಾದ ಪ್ರೊಫೆಸರ್ ನ್ಯೂಬೋಲ್ಡ್, ಭೂತಗನ್ನಡಿಯಲ್ಲಿ ನೋಡಿದರೆ ಒಂದೊಂದು ಅಕ್ಷರದೊಳಗೂ ಸಣ್ಣ ಸಣ್ಣ ಗೆರೆಗಳಿವೆ, ನಿಜವಾದ ಸಂದೇಶ ಅಲ್ಲಿದೆ ಎಂದರು. ಹತ್ತು ವರ್ಷದ ನಂತರ ಮ್ಯಾನ್ಲಿ ಎಂಬ ವಿದ್ವಾಂಸರು, ಅವು ಶಾಯಿ ಒಣಗಿ ಬಿರುಕು ಬಿಟ್ಟದ್ದು ಎಂದು ತೋರಿಸಿದರು. ಇನ್ನೊಂದು ಕಡೆ ವಿಲಿಯಂ ಫ್ರೀಡ್‌ಮನ್. ಎರಡನೇ ಮಹಾಯುದ್ಧದ ಹೊತ್ತಿನಲ್ಲಿ ಜಪಾನಿನ ಗುಪ್ತಸಂಕೇತವನ್ನು ಭೇದಿಸಿದ ತಂಡದ ಮುಖ್ಯಸ್ಥ. ಆತ ದಶಕಗಳ ಕಾಲ ಇದರ ಜೊತೆ ಗುದ್ದಾಡಿದರೂ, ಓದಿದೆ ಎಂದು ಒಮ್ಮೆಯೂ ಹೇಳಲಿಲ್ಲ. ಮೊಮ್ಮಗಳು “ತಾತಾ, ಇದು ‘ನೀರು’ ಅಂತ ಇರಬಹುದಾ?” ಎಂದು ಕೇಳಿದಾಗ ನಾನು “ಇರಬಹುದು, ಪೆನ್ಸಿಲ್ಲಿನಲ್ಲಿ ಬರೆದಿಡು” ಎನ್ನುತ್ತೇನೆ. ಇಂಕಿನಲ್ಲಿ ಬರೆಯುವ ದಿನ ಬರಲಿ.

ಈಗ ನಾವಿಬ್ಬರೂ ಕೊನೆಯ ಪುಟದಲ್ಲಿದ್ದೇವೆ. ಅಲ್ಲಿ ಸಾಧಾರಣ ಯುರೋಪಿನ ಅಕ್ಷರಗಳಲ್ಲಿ ಬರೆದ ಕೆಲವೇ ಸಾಲುಗಳಿವೆ. ಮಸುಕಾಗಿವೆ, ಅರ್ಥವೂ ಪೂರ್ತಿ ಬಿಡಿಸಿಲ್ಲ. ಅದೇ ಸಾಲುಗಳ ನಡುವೆ ವಾಯ್ನಿಚ್ ಲಿಪಿಯ ಒಂದೆರಡು ಪದಗಳು ಕೂತಿವೆ. ಎರಡೂ ಲಿಪಿ ಬಲ್ಲ ಒಬ್ಬರು ಒಂದು ದಿನ ಈ ಪುಟದ ಮೇಲೆ ಕೈಯಿಟ್ಟಿದ್ದರೋ ಏನೋ. ಮೊಮ್ಮಗಳು ಆ ಎರಡು ಪದಗಳ ಸುತ್ತ ತನ್ನ ನೋಟ್‌ಬುಕ್ಕಿನಲ್ಲಿ ಪೆನ್ಸಿಲ್ಲಿನಿಂದ ಒಂದು ವೃತ್ತ ಎಳೆದಿದ್ದಾಳೆ.