ಮೇಲಿನ ಕಣ್ಣು, ಕೆಳಗಿನ ಕೆರೆ

ನಮ್ಮ ಹೊಸೂರು, ಕೃಷ್ಣಗಿರಿ ಸೀಮೆಯ ಕ್ರೈಸ್ತ ರೈತರು ಬೋರ್‌ವೆಲ್ ಕೊರೆಸುವ ಮುನ್ನ ಗುರುಗಳನ್ನು ಕರೆದು ಪ್ರಾರ್ಥನೆ ಮಾಡಿಸುವುದುಂಟು. ನಾನೂ ಎಷ್ಟೋ ಹೊಲಗಳಲ್ಲಿ ತೀರ್ಥ ಚಿಮುಕಿಸಿದ್ದೇನೆ. ಕೆಲವು ಕಡೆ ನೀರು ಚಿಮ್ಮಿದೆ, ಕೆಲವು ಕಡೆ ಬರೀ ಧೂಳು ಹಾರಿದೆ. ಹಾಗೆ ಧೂಳು ಹಾರಿದ ಒಂದು ದಿನ, ಸಾಲ ಮಾಡಿ ಮೂರನೆಯ ಬೋರು ಕೊರೆಸಿದ್ದ ರೈತರೊಬ್ಬರು ತಲೆ ಮೇಲೆ ಕೈ ಹೊತ್ತು ಬದುವಿನ ಮೇಲೆ ಕುಳಿತುಬಿಟ್ಟರು. ಎಂಟನೇ ತರಗತಿ ಓದುವ ಅವರ ಮೊಮ್ಮಗ ನನ್ನ ಹತ್ತಿರ ಬಂದು ಕೇಳಿದ: “ಸ್ವಾಮಿ, ಬೆಂಗಳೂರಲ್ಲಿ ಅಷ್ಟೊಂದು ಸ್ಯಾಟಲೈಟ್ ಮಾಡ್ತಾರಲ್ಲ, ಮೇಲಿಂದ ನೋಡಿ ನೀರು ಎಲ್ಲಿದೆ ಅಂತ ಹೇಳೋಕೆ ಆಗಲ್ವಾ?”

ಒಳ್ಳೆಯ ಪ್ರಶ್ನೆ. ಸ್ವಲ್ಪ ಮಟ್ಟಿಗೆ ಆಗುತ್ತದೆ ಎಂಬುದೇ ಉತ್ತರ. ನಮ್ಮ ಇಸ್ರೋ ಸಂಸ್ಥೆಯ ಐಆರ್‌ಎಸ್-1ಎ ಉಪಗ್ರಹವನ್ನು 1988ರ ಮಾರ್ಚ್ 17ರಂದು ಸೋವಿಯತ್ ಒಕ್ಕೂಟದ ಬೈಕನೂರಿನಿಂದ ಹಾರಿಸಲಾಯಿತು. ಸುಮಾರು 900 ಕಿಲೋಮೀಟರ್ ಎತ್ತರದಲ್ಲಿ ಸುತ್ತುತ್ತಾ, 22 ದಿನಗಳಿಗೊಮ್ಮೆ ಅದೇ ನೆಲದ ಚಿತ್ರವನ್ನು ಅದು ತೆಗೆಯುತ್ತಿತ್ತು. ಬೆಳೆಯ ಹಸಿರು, ಕೆರೆಯ ನೀರು, ಬಂಡೆಯ ಮೇಲಿನ ಗೆರೆಗಳು ಅಂಥ ಚಿತ್ರಗಳಲ್ಲಿ ಕಾಣುತ್ತವೆ. ನಮ್ಮದು ಗಟ್ಟಿ ಬಂಡೆಯ ನಾಡು. ಇಲ್ಲಿ ನೆಲದೊಳಗಿನ ನೀರು ಇರುವುದು ಬಂಡೆಯ ಬಿರುಕುಗಳಲ್ಲಿ. ಉದ್ದನೆಯ ಬಿರುಕುಗಳ ಗುರುತು ಮೇಲಿನಿಂದ ಸಿಗುತ್ತದೆ. ಅದನ್ನು ಆಧರಿಸಿ, ನೆಲದ ಮೇಲೆ ಪರೀಕ್ಷೆ ಮಾಡಿ, ಕುಡಿಯುವ ನೀರಿನ ಯೋಜನೆಗಾಗಿ ದೇಶದಲ್ಲಿ ಅಂತರ್ಜಲ ನಕ್ಷೆಗಳನ್ನು ತಯಾರಿಸಿದ್ದಾರೆ. ಆದರೆ ಬಂಡೆಯನ್ನು ತೂರಿ ಒಳಗಿನ ನೀರನ್ನೇ ನೋಡುವ ಶಕ್ತಿ ಆ ಕ್ಯಾಮೆರಾಕ್ಕೆ ಇಲ್ಲ. ಅದು ತೋರಿಸುವುದು ಸಾಧ್ಯತೆಯನ್ನು ಮಾತ್ರ.

ಇನ್ನೊಂದು ಬಗೆಯ ಉಪಗ್ರಹವಿದೆ. ಅದು ನೋಡುವುದಿಲ್ಲ, ತೂಗುತ್ತದೆ! ಮನೆಯಲ್ಲಿ ಅಮ್ಮ ಗ್ಯಾಸ್ ಸಿಲಿಂಡರನ್ನು ಸ್ವಲ್ಪ ಎತ್ತಿ ನೋಡಿ ‘ಇನ್ನು ನಾಲ್ಕು ದಿನ ಬರಬಹುದು’ ಎನ್ನುತ್ತಾರಲ್ಲ, ಹಾಗೆ. 2002ರಲ್ಲಿ ಅಮೆರಿಕದ ನಾಸಾ ಮತ್ತು ಜರ್ಮನಿ ಸೇರಿ ‘ಗ್ರೇಸ್’ ಎಂಬ ಅವಳಿ ಉಪಗ್ರಹಗಳನ್ನು ಹಾರಿಸಿದವು. ಸುಮಾರು 220 ಕಿಲೋಮೀಟರ್ ಅಂತರದಲ್ಲಿ ಒಂದರ ಹಿಂದೆ ಒಂದು ಸಾಗುತ್ತಿದ್ದ ಅವು, ಕೆಳಗಿನ ನೆಲದ ಸೆಳೆತ ಹೆಚ್ಚುಕಡಿಮೆಯಾದಂತೆ ತಮ್ಮ ನಡುವಿನ ಅಂತರ ಕೂದಲೆಳೆಗಿಂತ ಕಡಿಮೆ ಬದಲಾದರೂ ಅಳೆಯುತ್ತಿದ್ದವು. ಆ ಲೆಕ್ಕದಿಂದ ವಿಜ್ಞಾನಿಗಳು 2009ರಲ್ಲಿ ಹೇಳಿದ್ದೇನು ಗೊತ್ತೇ? 2002ರಿಂದ 2008ರೊಳಗೆ ರಾಜಸ್ಥಾನ, ಪಂಜಾಬ್, ಹರಿಯಾಣ ಭಾಗದಲ್ಲಿ 109 ಘನ ಕಿಲೋಮೀಟರ್ ಅಂತರ್ಜಲ ಬರಿದಾಗಿತ್ತು. ಅಲ್ಲಿ ಮಳೆ ಕೈಕೊಟ್ಟದ್ದಲ್ಲ. ತುಂಬಿದ್ದಕ್ಕಿಂತ ಹೆಚ್ಚು ಎತ್ತಿದ್ದೇ ಕಾರಣ. ನಮ್ಮ ಒಂದು ಹೊಲದ ನೀರನ್ನು ಆ ಉಪಗ್ರಹ ಹೇಳಲಾರದು. ಆದರೆ ಅದು ಕಲಿಸುವ ಲೆಕ್ಕ ನಮ್ಮ ಹೊಲಕ್ಕೂ ಅನ್ವಯಿಸುತ್ತದೆ.

ಯಂತ್ರಗಳ ಮಾತು ಹೀಗಾದರೆ, ಮೇಲೆ ಹೋದ ಮನುಷ್ಯ ಏನು ಕಂಡ? 2025ರ ಜೂನ್ 25ರಂದು ನಮ್ಮ ಶುಭಾಂಶು ಶುಕ್ಲಾ ಹೊರಟು, ಭೂಮಿಯಿಂದ ಸುಮಾರು 400 ಕಿಲೋಮೀಟರ್ ಎತ್ತರದ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣ ಸೇರಿದ ಮೊದಲ ಭಾರತೀಯರಾದರು. ಧಾರವಾಡದ ಕೃಷಿ ವಿಶ್ವವಿದ್ಯಾಲಯದ ಪ್ರಯೋಗಕ್ಕಾಗಿ ಮೆಂತ್ಯ, ಹೆಸರುಕಾಳು ಅಲ್ಲಿ ಮೊಳಕೆಯೊಡೆದವು. ಹೊರಗಿನಿಂದ ನೋಡಿದರೆ ಭೂಮಿ ಒಂದೇ ಎನಿಸುತ್ತದೆ, ಯಾವ ಗಡಿಯೂ ಕಾಣುವುದಿಲ್ಲ ಎಂದು ಅವರು ಅಲ್ಲಿಂದಲೇ ಪ್ರಧಾನಿಯವರಿಗೆ ಹೇಳಿದರು. ಮನೆಯಲ್ಲಿ ಕನ್ನಡ, ಸಂತೆಯಲ್ಲಿ ತಮಿಳು, ಪಕ್ಕದ ಮನೆಯವರೊಡನೆ ತೆಲುಗು ಮಾತಾಡುವ ನಮಗೆ ಈ ಮಾತು ಹೊಸದಲ್ಲ. ನಮ್ಮ ದಕ್ಷಿಣ ಪಿನಾಕಿನಿಗೂ ಗಡಿ ಗೊತ್ತಿಲ್ಲ. ನಂದಿಬೆಟ್ಟದ ಸೀಮೆಯಲ್ಲಿ ಹುಟ್ಟಿ, ಬೆಂಗಳೂರಿನ ಪೂರ್ವಕ್ಕೆ ಹರಿದು, ಹೊಸೂರಿನ ಕೆಲವರಪಳ್ಳಿ ಅಣೆಕಟ್ಟಿಗೆ ಬರುತ್ತಾಳೆ. ಅಲ್ಲಿಂದ ಕೃಷ್ಣಗಿರಿ ಅಣೆಕಟ್ಟು, ಕೊನೆಗೆ ಕಡಲೂರಿನ ಬಳಿ ಸಮುದ್ರ. ಕೆಲವರಪಳ್ಳಿಯಲ್ಲಿ ರಾಶಿ ರಾಶಿ ನೊರೆ ಏಳುವುದನ್ನು ನಾವೆಲ್ಲ ಕಂಡಿದ್ದೇವೆ. ಮೇಲಿನ ಊರಿನವರು ಮೋರಿಗೆ ಬಿಟ್ಟದ್ದು ಕೆಳಗಿನ ಊರಿನವರ ಗದ್ದೆಗೆ ಬರುತ್ತದೆ. ನಾವು ಬಿಟ್ಟದ್ದು ನಮಗಿಂತ ಕೆಳಗಿನವರಿಗೆ ಹೋಗುತ್ತದೆ.

ಹಾಗಾದರೆ ಯಾರಾದರೂ ಏನನ್ನಾದರೂ ಬಿಟ್ಟುಕೊಡಲೇಬೇಕು. ಈ ಪಾಠವನ್ನು ನಮ್ಮ ದೇಶದ ಬಾಹ್ಯಾಕಾಶ ಯೋಜನೆ ಒಂದು ಧರ್ಮಕೇಂದ್ರದಿಂದ ಕಲಿತಿದೆ ಎಂದರೆ ಆಶ್ಚರ್ಯವಾದೀತು. ತಿರುವನಂತಪುರದ ಬಳಿಯ ತುಂಬಾ ಎಂಬ ಮೀನುಗಾರರ ಊರು ಭೂಮಿಯ ಕಾಂತೀಯ ಸಮಭಾಜಕ ರೇಖೆಯ ಹತ್ತಿರವಿದೆ. ರಾಕೆಟ್ ಹಾರಿಸಲು ಡಾ. ವಿಕ್ರಂ ಸಾರಾಭಾಯಿ ಆ ಜಾಗವನ್ನು ಕೇಳಿಕೊಂಡು ಹೋದಾಗ ಅಲ್ಲಿ ಸಂತ ಮಗ್ದಲದ ಮರಿಯಳ ದೇವಾಲಯವಿತ್ತು. ಧರ್ಮಾಧ್ಯಕ್ಷರಾದ ಪೀಟರ್ ಬರ್ನಾರ್ಡ್ ಪೆರೇರಾ ಅವರು ಭಾನುವಾರ ಭಕ್ತಾದಿಗಳ ಮುಂದೆಯೇ ವಿಷಯವಿಟ್ಟರೆಂದೂ, ಜನ ಒಪ್ಪಿದರೆಂದೂ ಡಾ. ಅಬ್ದುಲ್ ಕಲಾಂ ನೆನೆದಿದ್ದಾರೆ. ದೇವಾಲಯ ವಿಜ್ಞಾನಿಗಳ ಕಚೇರಿಯಾಯಿತು. 1963ರ ನವೆಂಬರ್ 21ರಂದು ಅಲ್ಲಿಂದ ಮೊದಲ ರಾಕೆಟ್ ಹಾರಿತು. ಇಂದು ಅದೇ ಕರಾವಳಿಯ ಮೀನುಗಾರರಿಗೆ ಮೀನು ಎಲ್ಲಿ ಸಿಗಬಹುದು, ಚಂಡಮಾರುತ ಯಾವ ಕಡೆಯಿಂದ ಬರುತ್ತಿದೆ ಎಂಬ ಸುದ್ದಿ ಉಪಗ್ರಹಗಳ ನೆರವಿನಿಂದಲೇ ಸಿಗುತ್ತಿದೆ. ಕೊಟ್ಟದ್ದು ವ್ಯರ್ಥವಾಗಲಿಲ್ಲ.

ಪ್ರಿಯರೇ, ತುಂಬಾದವರು ತಮ್ಮ ಬಲಿಪೀಠವಿದ್ದ ನೆಲವನ್ನೇ ಕೊಟ್ಟರು. ನಮ್ಮನ್ನು ಅಷ್ಟು ಕೇಳುವವರಿಲ್ಲ. ಕೆರೆಗೆ ನೀರು ಬರುವ ಕಾಲುವೆಯನ್ನು ಒತ್ತಿ ಬೇಲಿ ಹಾಕಿದ್ದರೆ ಆ ಬೇಲಿಯನ್ನು ನಾಲ್ಕು ಮಾರು ಹಿಂದಕ್ಕೆ ಸರಿಸೋಣ. ಬತ್ತಿದ ಬೋರಿನ ಸುತ್ತ ಇಂಗುಗುಂಡಿ ತೆಗೆದು ಮಳೆನೀರು ಇಳಿಸೋಣ. ತಮಿಳುನಾಡಿನಲ್ಲಿ 2003ರಿಂದಲೇ ಮಳೆನೀರು ಸಂಗ್ರಹ ಕಡ್ಡಾಯ. ಹಾಕಿಸಿದ ಪೈಪು ಒಡೆದು ಎಷ್ಟು ವರ್ಷವಾಯಿತೆಂದು ಒಮ್ಮೆ ಚಾವಣಿ ಹತ್ತಿ ನೋಡೋಣ. ದೇವರು ಮನುಷ್ಯನನ್ನು ತೋಟದಲ್ಲಿ ಇರಿಸಿದ್ದು ಅದನ್ನು ಉಳಲು ಮಾತ್ರವಲ್ಲ, ಕಾಯಲು ಕೂಡ ಎಂದು ಆದಿಕಾಂಡ ತಿಳಿಸುತ್ತದೆ. ಪೋಪ್ ಫ್ರಾನ್ಸಿಸ್‌ರವರು 2015ರ ತಮ್ಮ ‘ಲೌದಾತೊ ಸಿ’ ವಿಶ್ವಪತ್ರದಲ್ಲಿ ಒತ್ತಿ ಹೇಳಿದ್ದೂ ಇದನ್ನೇ.

ಬೋರಿನ ಜಾಗಕ್ಕೆ ಪ್ರಾರ್ಥನೆ ಮಾಡಲು ಕರೆದರೆ ನಾನು ಖಂಡಿತ ಬರುತ್ತೇನೆ. ಆದರೆ ಮುಂದಿನ ಬೇಸಿಗೆಯಲ್ಲಿ, ಊರಿನವರೆಲ್ಲ ಜಾತಿ ಮತ ಭಾಷೆ ನೋಡದೆ ಸೇರಿ ಹೂಳೆತ್ತಿದ ಒಂದು ಕೆರೆಯ ಏರಿಯ ಮೇಲೆ ನಿಂತು ತೀರ್ಥ ಚಿಮುಕಿಸುವ ಭಾಗ್ಯವನ್ನೂ ನನಗೆ ಕೊಡಿ ಎಂದು ಕೇಳಿಕೊಳ್ಳುತ್ತೇನೆ.