ತಾತ, ಬ್ರೀಚ್ ಅಂದ್ರೆ ಏನು?

ತುಮಕೂರಿನ ಸದಾಶಿವನಗರದ ನಮ್ಮ ಮನೆ ಜಗಲಿಯಲ್ಲಿ ಸಂಜೆ ಕಾಫಿ ಕುಡಿಯುತ್ತ ಕೂತಿದ್ದೆ. ಕಾನೂನು ಓದುತ್ತಿರುವ ಮೊಮ್ಮಗಳು ಪುಸ್ತಕದಿಂದ ತಲೆಯೆತ್ತಿ, "ತಾತ, ಬ್ರೀಚ್ ಅಂದ್ರೆ ಕನ್ನಡದಲ್ಲಿ ಏನು?" ಎಂದಳು. "ಉಲ್ಲಂಘನೆ" ಅಂದೆ. ಅವಳು ಬರೆದುಕೊಂಡಳು. ನನಗೇ ಸಮಾಧಾನವಾಗಲಿಲ್ಲ.

ಅಷ್ಟರಲ್ಲಿ ಎದುರುಮನೆಯವರು ಬಂದರು. ಕೆರೆ, ಕಾಲುವೆಗಳ ಕೆಲಸದಲ್ಲೇ ತಲೆ ನರೆತವರು. ಅವರನ್ನೂ ಕೇಳಿದೆ. "ಏರಿ ಒಡೆಯೋದು ಸ್ವಾಮಿ, ಇನ್ನೇನು?" ಎಂದರು.

ಅವರ ಉತ್ತರವೇ ಪದದ ಬುಡಕ್ಕೆ ಹತ್ತಿರ. ಇಂಗ್ಲಿಷಿನ ಬ್ರೀಚ್, ಒಡೆಯುವುದು ಎಂಬರ್ಥದ ಬ್ರೇಕ್, ಎರಡರದೂ ಒಂದೇ ಬೇರು. ಶ್ರೀರಂಗಪಟ್ಟಣದ ಕೋಟೆಗೋಡೆಗೆ ಫಿರಂಗಿ ಹೊಡೆದು ಮಾಡಿದ ಕಂಡಿಯೂ ಬ್ರೀಚೇ. 1799ರ ಮೇ 4ರಂದು ಇಂಗ್ಲಿಷರ ಸೈನ್ಯ ಒಳನುಗ್ಗಿದ್ದು ಆ ಕಂಡಿಯಿಂದ. ಅದೇ ದಿನ ಟಿಪ್ಪು ಮಡಿದ. ತಿಮಿಂಗಿಲ ಕಡಲಿನಿಂದ ಮೇಲಕ್ಕೆ ನೆಗೆದರೆ ಅದಕ್ಕೂ ಇದೇ ಹೆಸರು, ನೀರಿನ ಮೈ ಒಡೆದು ಬರುತ್ತದಲ್ಲ. ಹೆರಿಗೆ ಆಸ್ಪತ್ರೆಯಲ್ಲಿ "ಮಗು ಬ್ರೀಚ್ ಇದೆ" ಅನ್ನುವುದು ಮಾತ್ರ ಬೇರೆ ಪದ. ಇಂಗ್ಲಿಷಿನಲ್ಲಿ ಅದರ ಕಾಗುಣಿತವೇ ಬೇರೆ, ನಮ್ಮ ಲಿಪಿಯಲ್ಲಿ ಎರಡೂ ಒಂದಾಗುತ್ತವೆ.

ಉಲ್ಲಂಘನೆಯಲ್ಲಿ ಒಡೆಯುವುದಿಲ್ಲ, ಹಾರುವುದಿದೆ. ಹನುಮಂತನದು ಸಮುದ್ರಲಂಘನ. ಬೇಲಿ ಹಾರಿದವನು ಆಚೆ ಹೋದರೂ ಬೇಲಿ ಹಾಗೇ ನಿಂತಿರುತ್ತದೆ. ಸಿಗ್ನಲ್ ದಾಟಿದವನಿಗೆ ಆ ಪದ ಸರಿ. ನಂಬಿ ಕೊಟ್ಟ ಹಣವನ್ನು ನುಂಗಿದವನಿಗೆ ಸಾಲದು. ಅಲ್ಲಿ ಒಂದು ಮನೆಯೇ ಮುರಿದಿರುತ್ತದೆ.

ನಮ್ಮ ಹಿರಿಯರು ಇದನ್ನು ಬಲ್ಲರು. ಕರಾರನ್ನು ಮುರಿದರು ಅಂದರು. 1872ರ ಕರಾರು ಕಾಯ್ದೆಯ 73ನೇ ಕಲಂ, ಮುರಿದವನು ನಷ್ಟ ತುಂಬಿಕೊಡಬೇಕು ಎನ್ನುತ್ತದೆ. ಬೀದಿಯ ನೆಮ್ಮದಿ ಕೆಟ್ಟರೆ ಶಾಂತಿಭಂಗ. ಶಾಸನಸಭೆಯ ಗೌರವಕ್ಕೆ ಧಕ್ಕೆಯಾದರೆ ಹಕ್ಕುಚ್ಯುತಿ. ನಂಬಿದವರನ್ನು ಕೆಡಿಸಿದರೆ ನಂಬಿಕೆದ್ರೋಹ. ಹಳೆಯ ದಂಡಸಂಹಿತೆಯಲ್ಲಿ ಅದಕ್ಕೆ 406ನೇ ಕಲಂ ಇತ್ತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಅದು 316. ಇನ್ನು ಕೊಟ್ಟ ಮಾತಿಗೆ ನಡೆಯದವನು ಮಾತು ತಪ್ಪಿದವನು. ಪುಣ್ಯಕೋಟಿಯ ಕಥೆ ಕೇಳಿ ಬೆಳೆದ ನಮಗೆ ಅದಕ್ಕಿಂತ ದೊಡ್ಡ ಬೈಗುಳ ಬೇಕೆ? ಇಂಗ್ಲಿಷಿನಲ್ಲಿ ಇವಕ್ಕೆಲ್ಲ ಒಂದೇ ಬ್ರೀಚ್. ಕನ್ನಡ ಮಾತ್ರ ಕೆಟ್ಟದ್ದು ಯಾವುದು, ನೊಂದವರು ಯಾರು ಎಂದು ನೋಡಿ ಹೆಸರಿಡುತ್ತದೆ.

ಕಾಫಿ ಮುಗಿದರೂ ಮಾತು ಕೆರೆಯಲ್ಲೇ ಇತ್ತು. ಜನಪದರು ಹಾಡಿ ಹೊಗಳಿದ ಕುಣಿಗಲ್ ಕೆರೆಯ ಸೀಮೆ ನಮ್ಮದು. ಕೆರೆ ಕೋಡಿ ಬಿದ್ದರೆ ಊರಿಗೆ ಹಬ್ಬ, ಬಾಗಿನ ಕೊಡುತ್ತೇವೆ. ಏರಿ ಒಡೆದರೆ ಗದ್ದೆ, ತೋಟ, ಮನೆ ಎಲ್ಲಕ್ಕೂ ಕುತ್ತು. ನೀರು ಎರಡರಲ್ಲೂ ಹೊರಗೆ ಹರಿಯುತ್ತದೆ, ಆದರೆ ಕೋಡಿಯದು ಒಪ್ಪಿ ಬಿಟ್ಟ ದಾರಿ. ಕುಣಿಗಲ್ ತಾಲ್ಲೂಕಿನ ಮಾರ್ಕೋನಹಳ್ಳಿ ಅಣೆಕಟ್ಟೆಯಲ್ಲಂತೂ ಮಟ್ಟ ಮೀರಿದ ನೀರನ್ನು ತಾನಾಗಿಯೇ ಹೊರಹಾಕುವ ಸೈಫನ್‌ಗಳಿವೆ. "ಏರಿ ಒಂದೇ ದಿನಕ್ಕೆ ಒಡೆಯಲ್ಲ ಸ್ವಾಮಿ," ಎಂದರು ಎದುರುಮನೆಯವರು. "ಏಡಿ ಬಿಲ, ಮರದ ಬೇರು, ತೂಬಿನ ಪಕ್ಕದ ಸಣ್ಣ ಜಿನುಗು. ಅದನ್ನ ನೋಡಿದವರು ಆಗಲೇ ಹೇಳಬೇಕು. ನೀರಿನ ಜೊತೆ ಮಣ್ಣು ಬರೋಕೆ ಶುರುವಾದರೆ ಕೈ ಮೀರಿತು ಅಂತಲೇ."

ನಂಬಿಕೆಯೂ ಹಾಗೆಯೇ. ಮೊದಲು ಜಿನುಗುತ್ತದೆ, ಆಮೇಲೆ ಒಡೆಯುತ್ತದೆ. ಎಲ್ಲದಕ್ಕೂ ಉಲ್ಲಂಘನೆ ಎಂದು ಬರೆದು ಮುಗಿಸಿದರೆ ಆ ಜಿನುಗು ನಮ್ಮ ಕಣ್ಣಿಗೇ ಬೀಳುವುದಿಲ್ಲ.

ಮೊಮ್ಮಗಳನ್ನು ಕರೆದು, ಬರೆದುಕೊಂಡದ್ದನ್ನು ಹೊಡೆದುಹಾಕಿಸಿದೆ. ಪತ್ರಿಕೆಯವರಿಗೂ ವಕೀಲರಿಗೂ ನನ್ನ ಬೇಡಿಕೆ ಇಷ್ಟೇ: ಬ್ರೀಚ್ ಎಂಬ ಪದ ಎದುರಾದಾಗ ಮೊದಲು ಒಡೆದದ್ದು ಏನೆಂದು ನೋಡಿ, ಆಮೇಲೆ ಕನ್ನಡ ಪದ ಬರೆಯಿರಿ.